‘ಫ್ಲೈ ಆಫ್ ದ ಹ್ಯಾಂಡಲ್’: ಕಾವು ಬಿಟ್ಟ ಕೊಡಲಿ, ಮಿತಿ ಬಿಟ್ಟ ಸಿಟ್ಟು – ಪದೇ ಪದೇ ಕೇಳುವ ಪ್ರಶ್ನೆಗಳು

‘ಫ್ಲೈ ಆಫ್ ದ ಹ್ಯಾಂಡಲ್’ ಅಂದರೆ ಏನು?

ಇದ್ದಕ್ಕಿದ್ದಂತೆ, ತನ್ನ ಮೇಲೆ ತನಗೇ ಹಿಡಿತವಿಲ್ಲದೆ ಎಗರಿಬೀಳುವುದು. ಎರಡು ನಿಮಿಷದ ಹಿಂದೆ ಸರಿಯಾಗಿಯೇ ಮಾತಾಡುತ್ತಿದ್ದವರು ಒಂದು ಸಣ್ಣ ಮಾತಿಗೆ ರೇಗಿಬಿದ್ದರೆ ಈ ಇಂಗ್ಲಿಷ್ ನುಡಿಗಟ್ಟು ಸರಿಹೊಂದುತ್ತದೆ. ಇದರೊಳಗೆ ಹೇಳುವವರ ತೀರ್ಪೂ ಒಂದು ಅಡಗಿದೆ: ಕಾರಣ ಇಷ್ಟೇ ಇತ್ತು, ಸಿಟ್ಟು ಅಷ್ಟಾಯಿತು. ಹಾಗಾಗಿ ನ್ಯಾಯವಾದ ಕೋಪಕ್ಕೆ ಇದನ್ನು ಬಳಸಿದರೆ ಕೋಪಗೊಂಡವರನ್ನೇ ಹಗುರ ಮಾಡಿದಂತಾಗುತ್ತದೆ. ಸಂಬಳ ಮೂರು ತಿಂಗಳು ತಡವಾಗಿದ್ದಕ್ಕೆ ಕೆಲಸಗಾರರು ‘ಫ್ಲೂ ಆಫ್ ದ ಹ್ಯಾಂಡಲ್’ ಎಂದು ಬರೆದರೆ, ಬರೆದವರು ಮಾಲೀಕರ ಕಡೆಯವರು ಎಂದೇ ಓದುಗರು ತಿಳಿಯುತ್ತಾರೆ.

ಇಲ್ಲಿ ಹೇಳುವುದು ಯಾವ ಹ್ಯಾಂಡಲ್? ಸೈಕಲ್ಲಿನದೇ?

ಅಲ್ಲ. ನಮ್ಮಲ್ಲಿ ಹ್ಯಾಂಡಲ್ ಎಂದ ಕೂಡಲೇ ಸೈಕಲ್ಲು, ಬೈಕು ಕಣ್ಣಮುಂದೆ ಬರುವುದರಿಂದ, ಹ್ಯಾಂಡಲ್ ಮೇಲಿನ ಕೈ ತಪ್ಪಿ ಸವಾರ ಹಾರಿಬಿದ್ದ ಎಂದು ಅನೇಕರು ಊಹಿಸಿಕೊಳ್ಳುತ್ತಾರೆ. ಆದರೆ ಸೈಕಲ್ಲಿನದಕ್ಕೆ ಇಂಗ್ಲಿಷಿನಲ್ಲಿ ಹ್ಯಾಂಡಲ್‌ಬಾರ್ ಎನ್ನುತ್ತಾರೆ. ಈ ನುಡಿಗಟ್ಟಿನ ಹ್ಯಾಂಡಲ್ ಕೊಡಲಿಯ ಕಾವು.

ಇನ್ನೊಂದು ಗೊಂದಲವೂ ಇದೆ: ಹಾರುವುದು ಯಾವುದು? ಕೈಯಿಂದ ಕಾವು ಜಾರುವುದಲ್ಲ. ಕಾವು ಕೈಯಲ್ಲೇ ಉಳಿಯುತ್ತದೆ, ಅದರ ತುದಿಯ ಕಬ್ಬಿಣ ಕಳಚಿಕೊಂಡು ಹಾರುತ್ತದೆ. ಕಡಿಯುವವನ ಕೈಯಲ್ಲಿ ಕೋಲು ಮಾತ್ರ ಇದೆ; ಹರಿತವಾದ ಭಾಗ ಎತ್ತ ಹೋಯಿತೋ, ಯಾರಿಗೆ ತಗಲಿತೋ ಅವನಿಗೂ ತಿಳಿಯದು. ಇಂಗ್ಲಿಷಿನಲ್ಲಿ ಕೊಡಲಿಯ ಕಬ್ಬಿಣವನ್ನು ‘ಹೆಡ್’, ಅಂದರೆ ತಲೆ ಎಂದೇ ಕರೆಯುತ್ತಾರೆ. ತಲೆ ಹಾರಿಹೋದ ಮನುಷ್ಯ ಎಂಬ ಚಿತ್ರ ಅಲ್ಲಿ ತಾನಾಗಿಯೇ ಮೂಡುತ್ತದೆ.

ಕೊಡಲಿ ನಿಜವಾಗಿ ಹಾಗೆ ಕಳಚಿ ಹಾರುತ್ತದೆಯೇ?

ಹಾರುತ್ತದೆ, ಮತ್ತು ಸಾಕಷ್ಟು ಬಲದಿಂದಲೇ. ಅಮೆರಿಕದಲ್ಲಿ ಮರ ಉರುಳಿಸುವ ಕೊಡಲಿಯ ಕಬ್ಬಿಣ ಸಾಮಾನ್ಯವಾಗಿ ಮೂರೂವರೆ ಪೌಂಡು, ಅಂದರೆ ಸುಮಾರು 1.6 ಕಿಲೋ. ಕಾವು 36 ಇಂಚು, ಹತ್ತಿರಹತ್ತಿರ 90 ಸೆಂಟಿಮೀಟರ್. ತೋಳಿನ ಉದ್ದವೂ ಒಂದಿಷ್ಟು ಸೇರಿ ಬೀಸಿನ ತ್ರಿಜ್ಯ 1.2 ಮೀಟರ್ ಎಂದುಕೊಳ್ಳೋಣ, ಕಬ್ಬಿಣ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಹೋಗುತ್ತಿದೆ ಎಂದುಕೊಳ್ಳೋಣ. ಲೆಕ್ಕ ಹಾಕಿದರೆ ಅದನ್ನು ಕಾವಿನಿಂದ ಹೊರಕ್ಕೆ ಎಳೆಯುವ ಬಲ ಸುಮಾರು 300 ನ್ಯೂಟನ್. ಕಾವಿನ ತುದಿಗೆ 30 ಕಿಲೋ ಅಕ್ಕಿ ಮೂಟೆ ಜೋತುಬಿದ್ದಂತೆ. ಪ್ರತಿ ಏಟಿಗೂ ಇಷ್ಟು ಎಳೆತ ಇರುತ್ತದೆ, ಮತ್ತು ಅದನ್ನು ತಡೆದುಕೊಂಡಿರುವುದು ಮರಕ್ಕೂ ಕಬ್ಬಿಣಕ್ಕೂ ನಡುವಿನ ಬಿಗಿತ ಮತ್ತು ಒಂದು ಬೆಣೆ, ಅಷ್ಟೆ.

ಬಿಗಿಯಾಗಿ ಕೂರಿಸಿದ್ದು ಸಡಿಲವಾಗುವುದೇಕೆ?

ಮುಖ್ಯ ಕಾರಣ ಮರದ ತೇವ. ಹಸಿ ಮರದ ತೇವಾಂಶ ಸುಮಾರು 30 ಪ್ರತಿಶತಕ್ಕಿಂತ ಕೆಳಗೆ ಇಳಿಯತೊಡಗಿದಾಗ ಮರ ಕುಗ್ಗಲು ಶುರುವಾಗುತ್ತದೆ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಇಲ್ಲ, ಅಡ್ಡಕ್ಕೆ ಮಾತ್ರ ಚೆನ್ನಾಗಿ ಕುಗ್ಗುತ್ತದೆ. ವಾರ್ಷಿಕ ಉಂಗುರಗಳ ಗುಂಟ ಕುಗ್ಗುವಿಕೆ ಹಲವು ಮರಗಳಲ್ಲಿ 6ರಿಂದ 12 ಪ್ರತಿಶತ. ತಿರುಳಿನಿಂದ ತೊಗಟೆಯ ಕಡೆಗೆ ಅಳೆದರೆ ಅದರ ಅರ್ಧದಷ್ಟು. ಕೊಡಲಿಯ ತೂತಿನಲ್ಲಿ ಕೂತಿರುವುದು ಕಾವಿನ ಅಡ್ಡ ಅಳತೆಯೇ ಆದ್ದರಿಂದ ಹಸಿ ಕೊಂಬೆ ಕಡಿದು ಅವಸರದಲ್ಲಿ ಕಾವು ಮಾಡಿ ಹಾಕಿದರೆ ಕೆಲವು ವಾರಗಳಲ್ಲೇ ಅದು ಅಲುಗಾಡುವುದು ಖಚಿತ.

ಮಳೆಗಾಲದ ಮಲೆನಾಡಿನಲ್ಲಿ ಕೂರಿಸಿದ ಕಾವು ಫಾಲ್ಗುಣ ಚೈತ್ರದ ಬಿಸಿಲಿಗೆ ಸಡಿಲವಾಗುವುದಕ್ಕೂ ಇದೇ ಕಾರಣ. ಅಮೆರಿಕದ ಉತ್ತರ ಭಾಗದಲ್ಲಿ ಚಳಿಗಾಲವಿಡೀ ಒಲೆ ಉರಿಯುವ ಮನೆಯೊಳಗೆ ಇಟ್ಟ ಕೊಡಲಿಯೂ ಹಾಗೇ ಒಣಗಿ ಸಡಿಲವಾಗುತ್ತದೆ.

ಉಳಿದದ್ದು ಕೆಲಸದ ಹೊಡೆತ. ಮರದಲ್ಲಿ ಸಿಕ್ಕಿಕೊಂಡ ಕೊಡಲಿಯನ್ನು ಕಾವು ಹಿಡಿದು ಅತ್ತಿತ್ತ ಮೀಟಿ ಕೀಳುವುದು, ಅಲಗಿನ ಬದಲು ಕಾವಿನ ಕುತ್ತಿಗೆಯೇ ಮರಕ್ಕೆ ಬಡಿಯುವುದು, ಕೊಡಲಿಯ ಹಿಂಬದಿಯನ್ನು ಸುತ್ತಿಗೆಯಂತೆ ಬಳಸುವುದು, ಇವೆಲ್ಲ ತೂತಿನೊಳಗಿನ ಮರದ ನಾರನ್ನು ಜಜ್ಜುತ್ತವೆ.

ಸಡಿಲವಾದರೆ ನೀರಿನಲ್ಲಿ ನೆನೆಹಾಕಿದರೆ ಸಾಕಲ್ಲವೇ?

ಆ ದಿನಕ್ಕೆ ಸಾಕು. ಎಲ್ಲ ಕಡೆಯೂ ಜನ ಮಾಡುವ ಉಪಾಯ ಇದು, ಮತ್ತು ಎಲ್ಲ ಕಡೆಯೂ ಆಮೇಲೆ ಕೈಕೊಡುವ ಉಪಾಯ. ನೀರು ಕುಡಿದ ಮರ ಉಬ್ಬುತ್ತದೆ. ಆದರೆ ಸುತ್ತಲೂ ಕಬ್ಬಿಣ ಇರುವುದರಿಂದ ಹೊರಕ್ಕೆ ಉಬ್ಬಲು ಜಾಗವಿಲ್ಲ. ಹಾಗಾಗಿ ನಾರುಗಳು ತಮ್ಮೊಳಗೇ ನುಜ್ಜಾಗುತ್ತವೆ. ಮತ್ತೆ ಒಣಗಿದಾಗ ಮರ ಮೊದಲಿಗಿಂತ ಸಣ್ಣದಾಗಿರುತ್ತದೆ. ಮುಂದಿನ ಸಲ ಇನ್ನೂ ಹೆಚ್ಚು ಹೊತ್ತು ನೆನೆಸಬೇಕು, ಅದರ ಮುಂದಿನ ಸಲ ನೆನೆಸಿಯೂ ಪ್ರಯೋಜನವಿಲ್ಲ. ನೀರಿಗಿಂತ ಅಗಸೆ ಎಣ್ಣೆ ಮೇಲು. ನಾರಿನೊಳಗೆ ಇಳಿದು ಅಲ್ಲೇ ಗಟ್ಟಿಯಾಗುವುದರಿಂದ ಮರಕ್ಕೆ ತೇವ ಬಂದು ಹೋಗುವ ವೇಗ ಕಡಿಮೆಯಾಗುತ್ತದೆ.

ಹಾಗಾದರೆ ಕಾವು ಕೂರಿಸುವ ಸರಿಯಾದ ಕ್ರಮ ಯಾವುದು?

ಪೂರ್ತಿ ಒಣಗಿದ, ಗಂಟಿಲ್ಲದ, ನೇರ ನಾರಿನ ಮರ ಬೇಕು. ಅಮೆರಿಕದಲ್ಲಿ ಹಿಕರಿ, ಇಂಗ್ಲೆಂಡಿನಲ್ಲಿ ಆ್ಯಶ್, ನಮ್ಮಲ್ಲಿ ಜಾಲಿ, ತಡಸಲು ಇಂಥವು. ಕಾವಿನ ತುದಿಯನ್ನು ಕೊಡಲಿಯ ತೂತಿನ ಆಕಾರಕ್ಕೆ ಕೆತ್ತಿ, ಸ್ವಲ್ಪ ಸ್ವಲ್ಪವೇ ತೂರಿಸಿ, ಕಬ್ಬಿಣ ಉಜ್ಜಿದ ಕಪ್ಪು ಗುರುತು ಬಿದ್ದಲ್ಲಿ ಮಾತ್ರ ಮತ್ತೆ ಹೆರೆಯಬೇಕು. ಒಂದೇ ಸಲಕ್ಕೆ ಹೆಚ್ಚು ಹೆರೆದು ಬೆಣೆಯೇ ಎಲ್ಲ ಸರಿಮಾಡುತ್ತದೆ ಎಂದು ನಂಬುವವರೇ ಹೆಚ್ಚು, ಕಳಚುವ ಕೊಡಲಿಗಳೂ ಹೆಚ್ಚಾಗಿ ಅವರವೇ.

ಬೆಣೆಗಾಗಿ ತುದಿಯಲ್ಲಿ ಗರಗಸದಿಂದ ಸೀಳು ಹಾಕಬೇಕು. ಅದರ ಆಳ ತೂತಿನ ಆಳದ ಮೂರನೇ ಎರಡು ಭಾಗದಷ್ಟಿರಲಿ. ಕಡಿಮೆಯಾದರೆ ಬೆಣೆ ಇಳಿಯದು, ಜಾಸ್ತಿಯಾಗಿ ತೂತಿನಾಚೆಗೂ ಹೋದರೆ ಕಾವು ಅಲ್ಲೇ ಸೀಳುತ್ತದೆ.

ಇನ್ನು ಕೂರಿಸುವುದು. ಇಲ್ಲಿ ಹೊಸಬರು ಕಬ್ಬಿಣದ ಮೇಲೆ ಬಡಿಯುತ್ತಾರೆ. ಬಡಿಯಬೇಕಾದ್ದು ಕಾವಿನ ಬುಡಕ್ಕೆ. ಕೊಡಲಿ ಕೆಳಮುಖವಾಗಿ ತೂಗುವಂತೆ ಕಾವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಮೇಲೆ ಬಂದ ಬುಡಕ್ಕೆ ಮರದ ಸುತ್ತಿಗೆಯಿಂದ ಹೊಡೆದರೆ, ಭಾರದ ಕಬ್ಬಿಣ ಇದ್ದಲ್ಲೇ ಇರಲು ನೋಡುತ್ತದೆ, ಕಾವು ಅದರೊಳಕ್ಕೆ ಇಳಿಯುತ್ತದೆ. ನೋಡುವವರಿಗೆ ಕಬ್ಬಿಣವೇ ಕಾವನ್ನು ಹತ್ತಿದಂತೆ ಕಾಣುತ್ತದೆ. ಕಾವಿನ ತುದಿ ಆಚೆ ಬದಿಗೆ 3ರಿಂದ 6 ಮಿಲಿಮೀಟರ್ ಹೊರಬಂದಿರಬೇಕು. ಆಮೇಲೆ ಒಣಮರದ ಬೆಣೆ ಬಡಿದರೆ ಆ ಹೊರಬಂದ ಅಂಚು ಅಗಲವಾಗಿ ಹೂವಿನಂತೆ ಅರಳಿ ಕಬ್ಬಿಣಕ್ಕೆ ತಡೆಯಾಗುತ್ತದೆ. ಬೇಕಾದರೆ ಅದಕ್ಕೆ ಅಡ್ಡವಾಗಿ ಒಂದು ಸಣ್ಣ ಕಬ್ಬಿಣದ ಬೆಣೆ.

ಪಿಕಾಸಿಗೆ ಈ ರಗಳೆ ಇಲ್ಲ. ಅದರ ಕಾವನ್ನು ಮೇಲಿನಿಂದ ತೂರಿಸುತ್ತಾರೆ, ತುದಿ ದಪ್ಪ ಇರುತ್ತದೆ. ಬೀಸಿದಷ್ಟೂ ಕಬ್ಬಿಣ ಬಿಗಿಯಾಗುತ್ತದೆ. ಪಿಕಾಸಿಯನ್ನು ನೋಡಿ ಈ ನುಡಿಗಟ್ಟು ಹುಟ್ಟುವ ಸಾಧ್ಯತೆಯೇ ಇರಲಿಲ್ಲ.

ಈ ಮಾತನ್ನು ಮೊದಲು ಬರೆದವರು ಯಾರು?

ಬಹಳ ಕಡೆ ಸಿಗುವ ಉತ್ತರ: ಥಾಮಸ್ ಚಾಂಡ್ಲರ್ ಹ್ಯಾಲಿಬರ್ಟನ್, 1843. ಅವರು ಈಗ ಕೆನಡಾದಲ್ಲಿರುವ ನೋವಾ ಸ್ಕೋಷಿಯಾದ ನ್ಯಾಯಾಧೀಶರು, ಹಾಸ್ಯ ಬರಹಗಾರರು (1796–1865). ಅವರು ಸೃಷ್ಟಿಸಿದ ಸ್ಯಾಮ್ ಸ್ಲಿಕ್ ಎಂಬ ಪಾತ್ರ ಅಮೆರಿಕದ ಕನೆಕ್ಟಿಕಟ್ ಸೀಮೆಯ ಗಡಿಯಾರ ಮಾರುವವನು, ಮಾತಿನ ಮಲ್ಲ. ಅವನು ಇಂಗ್ಲೆಂಡಿಗೆ ಹೋದ ಕಥಾಸರಣಿ 1843ರಲ್ಲಿ ಹೊರಬರತೊಡಗಿತು. ಕಾರಣವೇ ಇಲ್ಲದೆ ಎಗರಿಬೀಳುವವನೊಬ್ಬನ ಬಗ್ಗೆ ಈ ಮಾತು ಅದರಲ್ಲಿ ಬರುತ್ತದೆ.

ಆದರೆ ಹ್ಯಾಲಿಬರ್ಟನ್ ಇದನ್ನು ಹುಟ್ಟಿಸಿದರು ಎನ್ನುವುದು ತಪ್ಪು. ಉದ್ರೇಕಗೊಂಡ ಸ್ಥಿತಿಗೆ ‘ಆಫ್ ದ ಹ್ಯಾಂಡಲ್’ ಎನ್ನುವ ಬಳಕೆ ಅಮೆರಿಕದ ಬರಹದಲ್ಲಿ 1825ರಲ್ಲೇ ಸಿಗುತ್ತದೆ, ‘ಫ್ಲೈ’ ಸೇರಿದ ಪೂರ್ಣ ರೂಪ 1833ರ ಹೊತ್ತಿಗೆ. ಅವರು ಮಾಡಿದ್ದು ಅಮೆರಿಕದ ಬೀದಿಯಲ್ಲಿ ಆಗಲೇ ಓಡಾಡುತ್ತಿದ್ದ ಮಾತನ್ನು ಅಟ್ಲಾಂಟಿಕದ ಎರಡೂ ದಡದ ಓದುಗರಿಗೆ ಮುಟ್ಟಿಸಿದ್ದು. ಮೊದಲು ಬರೆದವರು, ಮೊದಲು ಆಡಿದವರು, ಹೆಸರುವಾಸಿ ಮಾಡಿದವರು ಒಬ್ಬರೇ ಆಗಿರುವುದು ನುಡಿಗಟ್ಟುಗಳ ಲೋಕದಲ್ಲಿ ಅಪರೂಪ. ನಮ್ಮ ಗಾದೆಗಳನ್ನೆಲ್ಲ ಸರ್ವಜ್ಞನ ತಲೆಗೆ ಕಟ್ಟುವವರು ಇರುವಂತೆ ಅಲ್ಲಿ ಹ್ಯಾಲಿಬರ್ಟನ್ ತಲೆಗೆ ಕಟ್ಟುವವರಿದ್ದಾರೆ.

ಬೈಬಲಿನಲ್ಲೇ ಇದೆ ಎನ್ನುತ್ತಾರಲ್ಲ?

ಘಟನೆ ಇದೆ, ನುಡಿಗಟ್ಟು ಇಲ್ಲ. ಧರ್ಮೋಪದೇಶಕಾಂಡ 19ನೇ ಅಧ್ಯಾಯದ 5ನೇ ವಚನದಲ್ಲಿ ಒಂದು ಕಾನೂನಿನ ಉದಾಹರಣೆ ಬರುತ್ತದೆ: ಒಬ್ಬ ನೆರೆಯವನ ಜೊತೆ ಸೌದೆ ಕಡಿಯಲು ಕಾಡಿಗೆ ಹೋಗಿ ಕೊಡಲಿ ಬೀಸಿದಾಗ ಕಬ್ಬಿಣ ಕಾವಿನಿಂದ ಜಾರಿ ನೆರೆಯವನಿಗೆ ತಗಲಿ ಅವನು ಸತ್ತರೆ, ಬೀಸಿದವನು ಆಶ್ರಯನಗರಕ್ಕೆ ಓಡಿಹೋಗಿ ಜೀವ ಉಳಿಸಿಕೊಳ್ಳಬಹುದು. ಹಗೆ ಇಲ್ಲದೆ ಕೈತಪ್ಪಿ ಆದ ಸಾವನ್ನು ಕೊಲೆಯಿಂದ ಬೇರ್ಪಡಿಸಲು ಅಂದಿನವರಿಗೆ ಸಿಕ್ಕ ಅತಿ ಸಹಜ ಉದಾಹರಣೆ ಇದೇ ಆಗಿತ್ತು. ಎರಡನೆಯ ಅರಸುಗಳ ಪುಸ್ತಕದ 6ನೇ ಅಧ್ಯಾಯದಲ್ಲಿ, ಮರ ಕಡಿಯುವಾಗ ಯೊರ್ದಾನ್ ಹೊಳೆಗೆ ಬಿದ್ದ ಕೊಡಲಿಯನ್ನು ಎಲೀಷನು ತೇಲಿಸುವ ಕಥೆಯೂ ಇದೆ. ಬಿದ್ದದ್ದು ಎರವಲು ತಂದ ಕೊಡಲಿ ಎಂಬುದು ಅಲ್ಲಿನ ಸೊಗಸು.

ಇವೆರಡರಲ್ಲೂ ಸಿಟ್ಟಿನ ಸುಳಿವಿಲ್ಲ. ಅಷ್ಟೇ ಅಲ್ಲ, ಮೊದಲನೆಯದು ಸಿಟ್ಟಿಲ್ಲದೆ ಆದ ಅನಾಹುತಕ್ಕೆಂದೇ ಕೊಟ್ಟ ಉದಾಹರಣೆ.

ಕೊಡಲಿ ಎಲ್ಲೆಡೆಯೂ ಇತ್ತು. ನುಡಿಗಟ್ಟು ಅಮೆರಿಕದಲ್ಲೇ ಹುಟ್ಟಿದ್ದೇಕೆ?

19ನೇ ಶತಮಾನದ ಆರಂಭದ ಅಮೆರಿಕದಲ್ಲಿ ಹೊಲ ಮಾಡಬೇಕೆಂದರೆ ಮೊದಲು ಕಾಡು ಕಡಿಯಬೇಕಿತ್ತು. ಮನೆ, ಬೇಲಿ, ಉರುವಲು ಎಲ್ಲಕ್ಕೂ ಕೊಡಲಿ. ಕನೆಕ್ಟಿಕಟ್‌ನ ಕಾಲಿನ್ಸ್ ಕಂಪನಿ ಕಾರ್ಖಾನೆಯಲ್ಲಿ ಕೊಡಲಿ ಮಾಡಲು ತೊಡಗಿದ್ದು 1826ರಲ್ಲಿ, ಅಂದರೆ ಈ ಮಾತು ಬರಹದಲ್ಲಿ ಕಾಣಿಸಿಕೊಂಡ ಮರುವರ್ಷ. ಅದಕ್ಕೂ ಮೊದಲು ಊರ ಕಮ್ಮಾರ ಕಬ್ಬಿಣ ಬಡಿದುಕೊಡುತ್ತಿದ್ದ, ಕಾವನ್ನು ರೈತನೇ ಕೆತ್ತಿಕೊಳ್ಳುತ್ತಿದ್ದ. ಒಬ್ಬೊಬ್ಬರ ಕೈಕೆಲಸ ಒಂದೊಂದು ಮಟ್ಟದ್ದು. ಕಾವು ಬಿಟ್ಟ ಕೊಡಲಿಯನ್ನು ಕಾಣದ ಮನೆಯೇ ಇಲ್ಲದ ಕಡೆ, ಮನುಷ್ಯರಿಗೂ ಆ ಮಾತು ಅಂಟಿತು. ಅಲ್ಲೇ ‘ಸ್ಲಿಪ್ ಆಫ್ ದ ಹ್ಯಾಂಡಲ್’ ಎಂದು ಸಾಯುವುದಕ್ಕೂ ಹೇಳುತ್ತಿದ್ದರು, ಅದೀಗ ಬಳಕೆಯಲ್ಲಿಲ್ಲ.

ವಾಕ್ಯದಲ್ಲಿ ಬಳಸುವಾಗ ಎಲ್ಲಿ ತಪ್ಪುತ್ತೇವೆ?

ಭೂತಕಾಲದಲ್ಲಿ. ‘ಫ್ಲೈಡ್’ ಅಲ್ಲ, ‘ಫ್ಲೂ’. ‘ಹ್ಯಾವ್’ ಜೊತೆ ಬಂದರೆ ‘ಫ್ಲೋನ್’. ‘ಹ್ಯಾಂಡಲ್’ ಯಾವಾಗಲೂ ಏಕವಚನ, ಅದರ ಮುಂದೆ ಯಾವಾಗಲೂ ‘ದ’. ಹತ್ತು ಜನ ಸಿಟ್ಟಾದರೂ ‘ಹ್ಯಾಂಡಲ್ಸ್’ ಆಗುವುದಿಲ್ಲ, ‘ಹಿಸ್ ಹ್ಯಾಂಡಲ್’ ಎಂದೂ ಆಗುವುದಿಲ್ಲ. ‘ಆಫ್ ಫ್ರಮ್’ ಎಂದು ಎರಡು ಸೇರಿಸುವುದು ‘ಇಂದ’ ಎಂಬ ನಮ್ಮ ಪ್ರತ್ಯಯದ ಪ್ರಭಾವ. ‘ಆಫ್’ ಒಂದೇ ಸಾಕು, ಅದಕ್ಕೆ ಎರಡು ಎಫ್.

ಯಾರ ಮೇಲೆ ಎಂದು ಹೇಳಲು ‘ಆ್ಯಟ್’ ಬರುತ್ತದೆ, ‘ಆನ್’ ಅಲ್ಲ: ‘ಹಿ ಫ್ಲೂ ಆಫ್ ದ ಹ್ಯಾಂಡಲ್ ಆ್ಯಟ್ ಮಿ’. ‘ನನ್ನ ಮೇಲೆ ರೇಗಿದ’ ಎಂದು ಯೋಚಿಸುವವರಿಗೆ ‘ಆನ್’ ನಾಲಿಗೆಗೆ ಬರುವುದು ಸಹಜ. ಯಾವ ವಿಷಯಕ್ಕೆ ಎನ್ನಲು ‘ಓವರ್’ ಅಥವಾ ‘ಅಬೌಟ್’. ದಿನಗಟ್ಟಲೆ ಮುಖ ಊದಿಸಿಕೊಂಡಿರುವುದಕ್ಕೆ, ಒಳಗೊಳಗೇ ಕುದಿಯುವುದಕ್ಕೆ ಇದನ್ನು ಬಳಸುವಂತಿಲ್ಲ. ಹಾರುವುದು ಒಂದು ಕ್ಷಣದ ಕೆಲಸ.

‘ಫ್ಲೈ ಆಫ್ ದ ಶೆಲ್ವ್ಸ್’ ಬೇರೆಯೇ: ಸರಕು ಬಿಸಿಬಿಸಿಯಾಗಿ ಖರ್ಚಾಗುವುದು.

‘ಲೂಸ್ ಯುವರ್ ಟೆಂಪರ್’ ಎಂದರೂ ಇದೇ ತಾನೇ?

ಅರ್ಥ ಹತ್ತಿರ, ಹುಟ್ಟು ದೂರ. ‘ಟೆಂಪರ್’ ಬಂದದ್ದು ಬೆರಕೆಯ ಪ್ರಮಾಣ ಸರಿಮಾಡು ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ. ಯುರೋಪಿನ ಹಳೆಯ ವೈದ್ಯದಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳು ಸರಿಯಾದ ಪ್ರಮಾಣದಲ್ಲಿದ್ದರೆ ಮನುಷ್ಯ ಸಮಸ್ಥಿತಿಯಲ್ಲಿದ್ದಾನೆ ಎಂದು ಲೆಕ್ಕ. ಅಂದರೆ ‘ಟೆಂಪರ್’ ಮೂಲದಲ್ಲಿ ಸಿಟ್ಟಲ್ಲ, ಸಿಟ್ಟಿಲ್ಲದಿರುವುದು. ಅದನ್ನು ‘ಕಳೆದುಕೊಂಡರೆ’ ಸಿಟ್ಟು. ಆಮೇಲೆ ಬಳಕೆಯಲ್ಲಿ ಆ ಪದವೇ ಸಿಟ್ಟಿಗೂ ನಿಂತಿತು. ಹಳದಿ ಪಿತ್ತ ಹೆಚ್ಚಾದವನು ಮುಂಗೋಪಿ ಎಂದು ಅವರು ತಿಳಿದಿದ್ದರು. ನಾವು ‘ಪಿತ್ತ ನೆತ್ತಿಗೇರಿತು’ ಎನ್ನುತ್ತೇವೆ. ವಾತ ಪಿತ್ತ ಕಫದ ಲೆಕ್ಕ ಬೇರೆ, ಆದರೂ ಸಿಟ್ಟಿನ ಆರೋಪ ಎರಡೂ ಕಡೆ ಪಿತ್ತದ ಮೇಲೇ.

ಕಮ್ಮಾರಿಕೆಯಲ್ಲೂ ‘ಟೆಂಪರ್’ ಇದೆ. ಕಾಯಿಸಿ ನೀರಿಗೆ ಅದ್ದಿದ ಉಕ್ಕು ಗಾಜಿನಂತೆ ಪೆಡಸಾಗಿರುತ್ತದೆ. ಮತ್ತೆ 200ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಗಡಸುತನ ಸ್ವಲ್ಪ ಇಳಿದು ಬಾಗಿದರೂ ಮುರಿಯದಂತಾಗುತ್ತದೆ. ಈ ಹಂತದಲ್ಲಿ ಉಕ್ಕಿನ ಮೈ ಮೊದಲು ಒಣಹುಲ್ಲಿನ ಬಣ್ಣಕ್ಕೆ, ಆಮೇಲೆ ಕಂದು, ನೇರಳೆ, ನೀಲಿಗೆ ತಿರುಗುತ್ತದೆ. ಕನ್ನಡದಲ್ಲಿ ಇದಕ್ಕೆ ‘ಹದ’ ಎನ್ನುತ್ತೇವೆ. ಕೊಡಲಿಯ ಹದ, ಮಣ್ಣಿನ ಹದ, ಪಾಕದ ಹದ, ಮಾತಿನ ಹದ. ‘ಟೆಂಪರ್’ಗೆ ಇಷ್ಟು ಒಪ್ಪುವ ಪದ ನಮ್ಮಲ್ಲಿದ್ದೂ ನಿಘಂಟು ಹಿಡಿದು ಕೂತವರು ‘ಮನೋಧರ್ಮ’ ಎಂದು ಬರೆಯುತ್ತಾರೆ.

ಕನ್ನಡಕ್ಕೆ ಹೇಗೆ ತರುವುದು? ‘ಹಿಡಿಕೆಯಿಂದ ಹಾರಿದನು’ ಎನ್ನಬಹುದೇ?

ಬೇಡ. ಓದುಗರು ಹಿಡಿಕೆ ಎಲ್ಲಿದೆ ಎಂದು ಹುಡುಕುತ್ತಾರೆ. ಸಾಮಾನ್ಯ ಸಂದರ್ಭಕ್ಕೆ ‘ಎಗರಿಬಿದ್ದ’ ಎಲ್ಲಕ್ಕಿಂತ ಹತ್ತಿರ: ಹಠಾತ್ತನೆ ಆಗುವುದೂ ಅದರಲ್ಲಿದೆ, ಹಾರುವುದೂ ಇದೆ, ಅತಿಯಾಯಿತು ಎಂಬ ತೀರ್ಪೂ ಇದೆ. ‘ರೇಗಿಬಿದ್ದ’, ‘ಹರಿಹಾಯ್ದ’ ಕೂಡ ಆಗುತ್ತವೆ. ಮಾತಿನ ಧಾಟಿಯಲ್ಲಿ ‘ಸುಮ್ಮನೆ ಯಾಕೆ ಹಾರಾಡ್ತೀಯಾ?’ ಎಂದರೆ ಮೂಲದ ರುಚಿ ಪೂರ್ತಿ ಬರುತ್ತದೆ.

‘ಕೆಂಡಾಮಂಡಲವಾದ’ ಎನ್ನುವುದು ದೊಡ್ಡ ಸಿಟ್ಟಿಗೆ, ಅದಕ್ಕೆ ಸ್ವಲ್ಪ ಪುರಾಣದ ಗತ್ತೂ ಇದೆ. ‘ಸಿಡಿದೆದ್ದ’ ಎಂದರೆ ಅನ್ಯಾಯದ ವಿರುದ್ಧ ನಿಂತ ಧ್ವನಿ ಬರುತ್ತದೆ, ಇಲ್ಲಿ ಸಲ್ಲದು. ‘ಸಿಡಿಮಿಡಿಗೊಂಡ’ ತೀರಾ ಸಣ್ಣದು. ‘ಹೌಹಾರಿದ’ ಎಂದು ಬರೆದವರೂ ಇದ್ದಾರೆ. ಹಾರುವುದು ಅದರಲ್ಲೂ ಇದೆ ನಿಜ, ಆದರೆ ಅದು ಗಾಬರಿ, ಸಿಟ್ಟಲ್ಲ. ಆಗಾಗ ಹೀಗೆ ಎಗರುವ ಸ್ವಭಾವದವರನ್ನು ಹೇಳಬೇಕಾದರೆ ‘ಮೂಗಿನ ತುದಿಯಲ್ಲೇ ಸಿಟ್ಟು’ ಇದೆ, ದೂರ್ವಾಸ ಮುನಿಯಂತೂ ಇದ್ದೇ ಇದ್ದಾರೆ.

‘ಚರ್ಚೆ ಕಾವೇರಿತು’ ಎನ್ನುವ ಕಾವು, ಕೊಡಲಿಯ ಕಾವು ಒಂದೇ ಪದವೇ?

ಅಲ್ಲ, ಕಾಕತಾಳೀಯ. ಬಿಸಿಯ ಕಾವು ‘ಕಾಯು’ ಎಂಬ ಕ್ರಿಯಾಪದದ ಮನೆಯದು: ಹಾಲು ಕಾಯುತ್ತದೆ, ಕೋಳಿ ಕಾವು ಕೊಡುತ್ತದೆ. ಕೊಡಲಿಯ ಕಾವು ಬೇರೆ ಪದ. ಉಚ್ಚಾರ ಒಂದೇ ಆಗಿರುವುದರಿಂದ ಇಂಗ್ಲಿಷಿನವರಿಗೆ ಸಿಕ್ಕದ ಒಂದು ಶ್ಲೇಷೆ ನಮಗೆ ಬಿಟ್ಟಿಯಾಗಿ ಸಿಕ್ಕಿದೆ: ಅವರು ಕಾವು ಬಿಟ್ಟಾಗ ಸಿಟ್ಟಾಗುತ್ತಾರೆ, ನಾವು ಕಾವು ಏರಿದಾಗ.

‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಗಾದೆಗೂ ಇದಕ್ಕೂ ಸಂಬಂಧವಿದೆಯೇ?

ಉಪಕರಣ ಒಂದೇ, ಮಾತು ಬೇರೆ. ಮರದಿಂದ ಹುಟ್ಟಿದ ಕಾವೇ ಮರದ ಕುಲವನ್ನು ಕಡಿಯಲು ಕಬ್ಬಿಣದ ಜೊತೆ ಕೈಜೋಡಿಸುತ್ತದೆ ಎಂಬುದು ಗಾದೆ. ಮನೆಯವರೇ ಮನೆಗೆ ದ್ರೋಹ ಬಗೆದಾಗ ಆಡುವ ಮಾತು. ಅಲ್ಲಿ ತಪ್ಪಿತಸ್ಥ ಕಾವು. ಇಂಗ್ಲಿಷ್ ನುಡಿಗಟ್ಟಿನಲ್ಲಿ ಕಾವು ಪಾಪದ್ದು, ಬಿಟ್ಟುಹೋದದ್ದು ಕಬ್ಬಿಣ.

‘ಸೀ ರೆಡ್’ ಎನ್ನುವುದೂ ಸಿಟ್ಟಿಗೇ. ಹೋರಿಗೆ ಕೆಂಪು ಕಂಡರೆ ಆಗುವುದಿಲ್ಲ ಎಂಬುದು ನಿಜವೇ?

ನಿಜವಲ್ಲ. ದನಗಳ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡು ಬಗೆ ಮಾತ್ರ. ಕೆಂಪನ್ನು ಬೇರ್ಪಡಿಸಿ ನೋಡುವ ಶಕ್ತಿ ಅವಕ್ಕೆ ಕಡಿಮೆ. ಸ್ಪೇನಿನ ಗೂಳಿ ಕಾಳಗದಲ್ಲಿ ಕೆಂಪು ಬಟ್ಟೆ ಬರುವುದು ಕೊನೆಯ ಹಂತದಲ್ಲಿ. ಅದಕ್ಕೂ ಮೊದಲು ಗುಲಾಬಿ ಹಳದಿಯ ದೊಡ್ಡ ಬಟ್ಟೆ ಬೀಸುತ್ತಾರೆ, ಗೂಳಿ ಅದಕ್ಕೂ ಅಷ್ಟೇ ರಭಸದಿಂದ ನುಗ್ಗುತ್ತದೆ. ಕೆರಳಿಸುವುದು ಬಟ್ಟೆಯ ಅಲುಗಾಟ. ‘ಸೀ ರೆಡ್’ ಬಳಕೆಗೆ ಬಂದದ್ದೇ 19ನೇ ಶತಮಾನ ಮುಗಿಯುವ ಹೊತ್ತಿಗೆ, ನಮ್ಮ ಕೊಡಲಿಯ ಮಾತಿಗಿಂತ ವಯಸ್ಸಿನಲ್ಲಿ ಬಹಳ ಚಿಕ್ಕದು.

ಆಫೀಸಿನ ಇಮೇಲಿನಲ್ಲಿ ಬರೆಯಬಹುದೇ?

ಸಹೋದ್ಯೋಗಿಯ ಜೊತೆ ಹರಟುವಾಗ ಅಡ್ಡಿಯಿಲ್ಲ. ದೂರಿನಲ್ಲಿ, ವರದಿಯಲ್ಲಿ, ಬೇರೆಯವರ ನಡತೆಯ ಬಗ್ಗೆ ದಾಖಲೆಯಾಗಿ ಉಳಿಯುವ ಯಾವುದರಲ್ಲೂ ಬೇಡ. ಆಡುಮಾತಿನದು ಎಂಬುದು ಒಂದು ಕಾರಣ, ಒಳಗಿರುವ ತೀರ್ಪು ಇನ್ನೊಂದು. ಅಲ್ಲಿ ನಡೆದದ್ದನ್ನು ನಡೆದಂತೆ ಬರೆಯುವುದು ಮೇಲು: ದನಿ ಏರಿಸಿದರು, ಮೇಜು ಗುದ್ದಿದರು, ಎದ್ದುಹೋದರು. ತನ್ನ ಬಗ್ಗೆಯೇ, ಅದೂ ಮರುದಿನ, ‘ಸಾರಿ, ಐ ಫ್ಲೂ ಆಫ್ ದ ಹ್ಯಾಂಡಲ್ ಯೆಸ್ಟರ್‌ಡೇ’ ಎಂದು ಬರೆಯುವುದಾದರೆ ಧಾರಾಳವಾಗಿ ಬರೆಯಬಹುದು.